ಫೀ ಕಟ್ಟುವುದು ಆಷಾಢದಲ್ಲಿ

ಈ ಪುರವಣಿ ನಿಮ್ಮ ಮನೆ ಬಾಗಿಲಿಗೆ ಬರುವ ಮೊದಲು ಬಹುಶಃ ಒಬ್ಬ ವಿದ್ಯಾರ್ಥಿಯ ಕೈ ದಾಟಿ ಬಂದಿದೆ. ನಸುಕಿನ ನಾಲ್ಕೂವರೆಗೆ ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದ ಸರ್ಕಲ್‌ಗಳಲ್ಲಿ ಇನ್ನೂ ಶಟರ್ ಎತ್ತದ ಅಂಗಡಿಗಳ ಮುಂದೆ ಪತ್ರಿಕೆಯ ಬಂಡಲುಗಳು ಬಂದು ಬೀಳುತ್ತವೆ. ಭಾನುವಾರ ಕೆಲಸ ಹೆಚ್ಚು. ಮುಖ್ಯ ಸಂಚಿಕೆ ಬೇರೆ, ಪುರವಣಿ ಬೇರೆ. ಒಂದರೊಳಗೊಂದು ಸೇರಿಸಬೇಕು, ಅದರೊಳಗೆ ಯಾವುದೋ ಟ್ಯೂಷನ್ ಸೆಂಟರಿನದೋ ಸೀರೆ ಅಂಗಡಿಯದೋ ಪಾಂಪ್ಲೆಟ್ ತುರುಕಬೇಕು, ಯಾವ ಕ್ರಾಸಿಗೆ ಯಾವ ಪತ್ರಿಕೆ ಎಷ್ಟು ಎಂದು ಎಣಿಸಿ ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿಯಬೇಕು. ಈಗೀಗ ಸ್ಕೂಟರೂ ಬಂದಿದೆ. ಏಜೆಂಟರು ಕೂತು ಲೆಕ್ಕ ಹೇಳುತ್ತಾರೆ. ಸೇರಿಸುವ ಕೈಗಳು ಹೆಚ್ಚಾಗಿ ಹದಿನೆಂಟು, ಇಪ್ಪತ್ತರ ಹುಡುಗರವು. ಸುರುಳಿ ಸುತ್ತಿ ಎಸೆದ ಪತ್ರಿಕೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೆ ತಾಗದಂತೆ ಬೀಳಬೇಕಾದರೆ ಅದಕ್ಕೂ ಕೈ ಪಳಗಿರಬೇಕು. ಏಳರೊಳಗೆ ಎಲ್ಲ ಮುಗಿಯದಿದ್ದರೆ ಏಜೆಂಟರ ಫೋನು ಬಡಿದುಕೊಳ್ಳಲು ಶುರು.

ಅಬ್ದುಲ್ ಕಲಾಂ ಕೂಡ ಚಿಕ್ಕಂದಿನಲ್ಲಿ ಪೇಪರ್ ಹಾಕಿದವರೇ ಎಂದು ಈ ಹುಡುಗರ ಬೆನ್ನು ತಟ್ಟುವವರಿಗೆ ಕೊರತೆಯಿಲ್ಲ. ಅದೇ ಜನ ತಿಂಗಳ ಬಿಲ್ಲಿಗೆ ಬಂದರೆ ‘ನಾಳೆ ಬಾರಪ್ಪ, ಚಿಲ್ಲರೆ ಇಲ್ಲ’ ಅನ್ನುತ್ತಿದ್ದರು. ಯುಪಿಐ ಬಂದ ಮೇಲೆ ಆ ನೆಪವೊಂದು ತಪ್ಪಿದೆ.

ಏಳಕ್ಕೆ ರೂಮಿಗೆ ಬಂದು ಸ್ನಾನ ಮಾಡಿ, ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಅಲ್ಲಿ ಐದು ರೂಪಾಯಿಯ ತಿಂಡಿ ತಿಂದು, ಇಲ್ಲವಾದರೆ ಗಾಡಿಯ ಮುಂದೆ ನಿಂತು ಒಂದು ಪ್ಲೇಟ್ ಚಿತ್ರಾನ್ನ ಮುಗಿಸಿ ಅವನು ಒಂಬತ್ತೂವರೆಗೆ ಕ್ಲಾಸಿನಲ್ಲಿರಬೇಕು. ಅದೇ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ‘ಟೈಮ್ ಮ್ಯಾನೇಜ್‌ಮೆಂಟ್’ ಕುರಿತು ಉಪನ್ಯಾಸ ಕೊಡಿಸುತ್ತಾರೆ. ಬೆಳಿಗ್ಗೆ ಬೇಗ ಏಳಿ, ದಿನಚರಿ ಬರೆದಿಡಿ, ಮೊಬೈಲ್ ದೂರ ಇಡಿ. ಕೊನೆಯ ಬೆಂಚಿನಲ್ಲಿ ತೂಕಡಿಸುತ್ತ ಅದನ್ನು ಕೇಳುವ ಹುಡುಗ ನಾಲ್ಕು ಗಂಟೆಗೇ ಎದ್ದಿದ್ದಾನೆ. ಇವರ ದಿನಗಳನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಅನ್ನಿಸುವುದಿಷ್ಟು: ಸಮಯದ ಬೆಲೆ ಅವನಿಗೆ ಚೆನ್ನಾಗಿ ಗೊತ್ತು. ಅವನ ಸಮಯವನ್ನು ಕೇಳದೆ ತೆಗೆದುಕೊಳ್ಳುವವರಿಗೆ ಯಾರೂ ಉಪನ್ಯಾಸ ಕೊಡಿಸಿಲ್ಲ.

ಓದುತ್ತಾ ದುಡಿಯುವುದು ನಮ್ಮಲ್ಲಿ ಹಳೆಯ ಮಾತು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಖರ್ಚು ತೂಗಿಸಿದರು. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ವಾರಾನ್ನ ಉಂಡು ಓದಿದವರ ಪೀಳಿಗೆಯೇ ಇತ್ತು. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಆ ಬದುಕಿನ ಪರಿಚಯ ಬೇರೆ ಬೇಕಿಲ್ಲ. ವಾರಾನ್ನದ ಕಾಲ ಹೋಗಿ ಜಾತಿಗೊಂದು ಹಾಸ್ಟೆಲ್ ಬಂತು, ಮಠಗಳ ಉಚಿತ ವಿದ್ಯಾರ್ಥಿ ನಿಲಯ ಬಂತು, ಆಮೇಲೆ ಸರ್ಕಾರದ್ದು ಬಂತು, ಈಗ ಪಿ.ಜಿ. ಬಂದಿದೆ. ಪಿ.ಜಿ.ಯಲ್ಲಿ ಅಡ್ವಾನ್ಸ್ ಕೊಡದೆ ಯಾರೂ ಬಾ ಅನ್ನುವುದಿಲ್ಲ.

ಬೆಂಗಳೂರಿನ ಪಶ್ಚಿಮಕ್ಕೆ ಈ ಕಥೆಯಲ್ಲಿ ಅದರದೇ ಆದ ಪಾಲಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಇ.ಎಸ್.ಐ. ಆಸ್ಪತ್ರೆ ಅಲ್ಲಿರುವುದಕ್ಕೂ ಕಾರಣ ಅದೇ. ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಹಗಲು ಲೇತ್ ಹಿಡಿದು ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವರು ಇಂದಿಗೂ ಈ ಬಡಾವಣೆಗಳಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್‌ಗಳಾಗಿ ಸಿಗುತ್ತಾರೆ. ಅವರ ಹತ್ತಿರ ಕೂತು ಮಾತಾಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಂಜೆ ಕಾಲೇಜು ಅವರಿಂದ ‘ಏಕೆ ಕೆಲಸಕ್ಕೆ ಹೋಗುತ್ತೀ’ ಎಂಬ ವಿವರಣೆ ಕೇಳುತ್ತಿರಲಿಲ್ಲ. ಕೆಲಸ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡೇ ಅದು ಆರು ಗಂಟೆಗೆ ಬೆಲ್ಲು ಹೊಡೆಯುತ್ತಿತ್ತು.

ಪಂಕ್ತಿಯ ಆಚೆ

ಪೇಪರ್ ಹಾಕಿದರೆ ಕೈಖರ್ಚು ನಡೆಯುತ್ತದೆ, ಪಿ.ಜಿ. ಬಾಡಿಗೆ ನಡೆಯುವುದಿಲ್ಲ. ಅದಕ್ಕೆ ಶನಿವಾರ, ಭಾನುವಾರದ ಕೇಟರಿಂಗ್ ಇದೆ. ಮಾಗಡಿ ರಸ್ತೆ, ವಿಜಯನಗರ, ನಾಗರಭಾವಿ ಕಡೆಯ ಛತ್ರಗಳಲ್ಲಿ ಕಪ್ಪು ಪ್ಯಾಂಟು, ಬಿಳಿ ಶರ್ಟು, ತಲೆಗೊಂದು ಟೋಪಿ ಹಾಕಿಕೊಂಡು ಬಡಿಸುವ ಹುಡುಗರನ್ನು ನೀವು ನೋಡಿಯೇ ಇರುತ್ತೀರಿ. ಮುಖ ನೋಡಿರುವುದು ಅನುಮಾನ, ಊಟದ ಹೊತ್ತಿನಲ್ಲಿ ಎಲೆ ಬಿಟ್ಟು ಮೇಲೆ ನೋಡುವವರು ಕಡಿಮೆ. ಗುರುವಾರದ ಹೊತ್ತಿಗೆ ಮೇಸ್ತ್ರಿಯ ಫೋನು ಬರುತ್ತದೆ: ‘ಏನಪ್ಪಾ, ಶನಿವಾರ ಎಷ್ಟು ಜನ ಹುಡುಗ್ರು ಬರ್ತೀರಾ?’ ಒಬ್ಬ ಹತ್ತು ಜನರನ್ನು ಹೊಂದಿಸಿದರೆ ಅವನಿಗೆ ನೂರಿನ್ನೂರು ಮೇಲೆ. ಹಾಸ್ಟೆಲ್ಲಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕ್ಷಣಾರ್ಧದಲ್ಲಿ ಪಟ್ಟಿ ತಯಾರಾಗುತ್ತದೆ.

ಸಿಂದಗಿ, ಲಿಂಗಸುಗೂರು ಕಡೆಯಿಂದ ಬಂದ ಹುಡುಗನಿಗೆ ಇದು ಮೊದಲು ಹೊಸ ಪಾಠವೇ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಮೊದಲು ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ಗೊಜ್ಜು. ಪಾಯಸ ಬಲಗಡೆ ಮೂಲೆಗೆ. ಅನ್ನ ಬಂದ ಮೇಲೆ ತೊವ್ವೆ, ತೊವ್ವೆಯ ಮೇಲೆ ತುಪ್ಪ. ಹೋಳಿಗೆ ಹಿಡಿದು ಹೋಗುವವನ ಹಿಂದೆಯೇ ತುಪ್ಪದವನು ಇರಬೇಕು, ನಡುವೆ ನಾಲ್ಕು ಎಲೆ ಅಂತರ ಬಿದ್ದರೂ ಯಾವುದಾದರೂ ಮಾವ ಕೈ ಎತ್ತುತ್ತಾರೆ. ಸಾರಿನ ಬಕೆಟ್ ಹಿಡಿದವನ ಸ್ಥಿತಿ ಎಲ್ಲರಿಗಿಂತ ಕಷ್ಟ: ಬಿಸಿ, ಭಾರ, ನೆಲ ಜಾರು, ಪಕ್ಕದಲ್ಲಿ ರೇಷ್ಮೆ ಸೀರೆ. ಸೀರೆಯ ಮೇಲೆ ಒಂದು ಹನಿ ಬಿದ್ದರೆ ಆವತ್ತಿನ ಕೂಲಿ ಹೋದಂತೆ ಎಂದು ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಮೂರು ಪಂಕ್ತಿ ಎದ್ದ ಮೇಲೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಅಡುಗೆ ಮನೆಯ ಹಿಂದೆ ಇವರ ಎಲೆ. ಹೋಳಿಗೆ ಉಳಿದಿದ್ದರೆ ಉಂಟು. ಆಮೇಲೆ ರಿಸೆಪ್ಷನ್ನಿಗೆ ಮತ್ತೆ ಏಳು ಗಂಟೆಗೆ ಹಾಜರಿ. ನಡುವಿನ ಮೂರು ಗಂಟೆ ಅಕ್ಕಿ ಮೂಟೆಗೆ ಒರಗಿ ಮೊಬೈಲಿನಲ್ಲಿ ಸಂವಿಧಾನದ ಅನುಸೂಚಿಗಳನ್ನು ಬಾಯಿಪಾಠ ಮಾಡುವವರಿದ್ದಾರೆ, ಗೊರಕೆ ಹೊಡೆಯುವವರೂ ಇದ್ದಾರೆ. ಎರಡನೆಯವರನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಆದಾಯಕ್ಕೆ ಪಂಚಾಂಗದ ಅಂಕೆ ಇದೆ. ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಒಂದೇ ಶನಿವಾರ ಎರಡೆರಡು ಛತ್ರದಿಂದ ಕರೆ. ಧನುರ್ಮಾಸ ಬಂತೆಂದರೆ ಮುಹೂರ್ತ ಇಲ್ಲ, ಆಷಾಢದಲ್ಲಂತೂ ಕೇಳುವುದೇ ಬೇಡ. ವಿಚಿತ್ರ ನೋಡಿ, ಹೊಸ ವರ್ಷದ ಅಡ್ಮಿಷನ್ನು, ಫೀಸು, ಪುಸ್ತಕ, ಪಿ.ಜಿ. ಬದಲಾಯಿಸುವ ಖರ್ಚು ಎಲ್ಲ ಒಟ್ಟಿಗೆ ಬಂದು ನಿಲ್ಲುವುದೂ ಆ ಜೂನ್, ಜುಲೈಯಲ್ಲೇ. ದುಡಿಮೆ ನಿಂತ ತಿಂಗಳಲ್ಲಿ ದುಡ್ಡು ಬೇಕು. ‘ಕಂತಿನಲ್ಲಿ ಕಟ್ಟುತ್ತೇನೆ ಸರ್’ ಎಂಬ ಅರ್ಜಿಗಳು ಪ್ರಾಂಶುಪಾಲರ ಮೇಜಿಗೆ ಬರುವ ಕಾಲವನ್ನೂ ಕೇಟರಿಂಗ್ ಮೇಸ್ತ್ರಿಗಳು ಛತ್ರ ಖಾಲಿ ಎನ್ನುವ ಕಾಲವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಕಾಲೇಜು ಆಡಳಿತ ಮಂಡಳಿ ಇದ್ದರೆ ಅದಕ್ಕೆ ನನ್ನ ನಮಸ್ಕಾರ.

ಆಷಾಢದ ಗಂಡಾಂತರ ದಾಟಿಸಲು ಈಗ ಡೆಲಿವರಿ ಇದೆ. ಲೈಸೆನ್ಸ್, ಬೈಕು ಅಥವಾ ಬಾಡಿಗೆಯ ಎಲೆಕ್ಟ್ರಿಕ್ ಗಾಡಿ, ಒಂದು ಮೊಬೈಲ್ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಬೇಕಾದಾಗ ಲಾಗಿನ್, ಬೇಡವಾದಾಗ ಲಾಗೌಟ್, ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಕೆಲಸ ಎನ್ನುತ್ತದೆ ಜಾಹೀರಾತು. ದುಡ್ಡಿರುವುದು ಮಾತ್ರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ರಾತ್ರಿ ಏಳರಿಂದ ಹನ್ನೊಂದರಲ್ಲಿ. ಮಧ್ಯಾಹ್ನದ್ದು ಕ್ಲಾಸನ್ನು ತಿನ್ನುತ್ತದೆ, ರಾತ್ರಿಯದ್ದು ಓದನ್ನು. ಇನ್ಸೆಂಟಿವ್ ಸಿಗಬೇಕಾದರೆ ಇಷ್ಟು ಆರ್ಡರ್ ಆಗಲೇಬೇಕು ಎಂಬ ಲೆಕ್ಕದಲ್ಲಿ ‘ಬೇಡವಾದಾಗ ಲಾಗೌಟ್’ ಎಂಬ ಮಾತು ಎಲ್ಲಿಯೋ ಕರಗಿಹೋಗಿರುತ್ತದೆ. ಬೈಕ್ ಟ್ಯಾಕ್ಸಿ ಓಡಿಸಿ ಫೀಸು ಕಟ್ಟುತ್ತಿದ್ದವರಿಗೆ ಹೈಕೋರ್ಟ್ ಆದೇಶದ ಮೇಲೆ 2025ರ ಜೂನ್ 16ರಿಂದ ಅದು ನಿಂತದ್ದು, ಮತ್ತೆ ಅದೇ ಫೀಸಿನ ತಿಂಗಳಲ್ಲಿ, ನುಂಗಲಾರದ ತುತ್ತಾಯಿತು. ಅದೇ ವರ್ಷ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿದೆ. ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಶುಲ್ಕ ಪಡೆದು ಕಲ್ಯಾಣ ನಿಧಿ ಮಾಡುವುದು ಅದರ ತಿರುಳು. ಒಳ್ಳೆಯದೇ. ಬಿದ್ದು ಕಾಲು ಮುರಿದುಕೊಂಡ ಹುಡುಗನಿಗೆ ಆ ನಿಧಿ ನೆರವಾಗಲಿ. ಹಾಜರಿ ಶೇ 75 ತುಂಬದೆ ಪರೀಕ್ಷೆಗೆ ಕೂರಲಾಗದವನಿಗೆ ಅದರಲ್ಲಿ ಉತ್ತರವಿಲ್ಲ.

ಹುಡುಗಿಯರ ಲೆಕ್ಕ ಸ್ವಲ್ಪ ಬೇರೆ. ಕೆಂಗೇರಿ ಉಪನಗರದಿಂದ ರಾಜಾಜಿನಗರದ ಕಾಲೇಜಿಗೆ ಬರುವವಳೊಬ್ಬಳನ್ನು ಅಂದುಕೊಳ್ಳಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಇಡೀ ನೇರಳೆ ಮಾರ್ಗ ಕೂಡಿಕೊಂಡಿತು. ಆದರೆ ವಿಜಯನಗರ ನೇರಳೆಯಲ್ಲಿ, ರಾಜಾಜಿನಗರ ಹಸಿರಿನಲ್ಲಿ. ಮಗ್ಗುಲಲ್ಲೇ ಇರುವ ಈ ಎರಡು ಬಡಾವಣೆಗಳ ನಡುವೆ ಮೆಟ್ರೊದಲ್ಲಿ ಓಡಾಡಬೇಕಾದರೆ ಮೆಜೆಸ್ಟಿಕ್‌ಗೆ ಹೋಗಿ, ಮೆಟ್ಟಿಲು ಹತ್ತಿಳಿದು ಬದಲಾಯಿಸಿ ಬರಬೇಕು. ಬಸ್ಸಾದರೆ ಕಾರ್ಡ್ ರೋಡಿನಲ್ಲಿ ನೇರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಮೆಟ್ರೊದಲ್ಲಿ ವಿದ್ಯಾರ್ಥಿ ಪಾಸೇ ಇಲ್ಲ, 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಗಿದೆ. ಹಾಗಾಗಿ ಬೆಳಿಗ್ಗೆ ತಡವಾದ ದಿನ ಮೆಟ್ರೊ, ಉಳಿದ ದಿನ ಆಧಾರ್ ತೋರಿಸಿ ಬಸ್ಸು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡ ಆ ಹೊತ್ತು ನಿದ್ದೆಗೋ ಓದಿಗೋ ಎಂಬುದು ಸೀಟು ಸಿಕ್ಕಿದೆಯೇ ಇಲ್ಲವೇ ಎಂಬುದರ ಮೇಲೆ.

ಸಂಜೆ ಐದಕ್ಕೆ ಬಸವೇಶ್ವರನಗರದಲ್ಲಿ ಅವಳು ‘ಮಿಸ್’. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳಿಗೆ ಗಣಿತ, ವಿಜ್ಞಾನ. ಹತ್ತೊಂಬತ್ತು ವರ್ಷದವಳನ್ನು ಹದಿನಾಲ್ಕರ ಹುಡುಗರು ಮಿಸ್ ಎಂದು ಕರೆಯುವಾಗ ಮೊದಲ ವಾರ ನಗು, ಎರಡನೇ ವಾರ ಗತ್ತು. ಮನೆಯ ಅಜ್ಜಿ ಕಾಫಿ ಕೊಟ್ಟು ‘ಯಾವ ಊರಮ್ಮ, ನಿಮ್ಮಪ್ಪ ಏನ್ಮಾಡ್ತಾರೆ’ ಎಂದು ವಿಚಾರಿಸಿಯೇ ಒಳಗೆ ಬಿಡುವುದು. ಈ ಎಲ್ಲ ಕೆಲಸಗಳಲ್ಲಿ ಟ್ಯೂಷನ್ ಒಂದೇ ಓದಿಗೆ ಹತ್ತಿರದ್ದು. ಇನ್ನೊಬ್ಬರಿಗೆ ಹೇಳಿಕೊಡಬೇಕಾದವರು ತಾವು ಸರಿಯಾಗಿ ಕಲಿಯಲೇಬೇಕಾಗುತ್ತದೆ. ಆದರೆ ಮಕ್ಕಳ ಪರೀಕ್ಷೆಯ ಕಾಲಕ್ಕೆ ‘ಇನ್ನರ್ಧ ಗಂಟೆ ಇದ್ದು ಹೋಗಮ್ಮ’ ಎಂದು ಅವರ ತಾಯಿ ಅಂದಾಗ ಇಲ್ಲ ಅನ್ನಲಾಗದು, ಪಿ.ಜಿ. ಗೇಟಿಗೂ ಒಂದು ಗಂಟೆ ಗೊತ್ತಾಗಿರುತ್ತದೆ.

ಹಂಪಿನಗರದ ಕಾಯುವಿಕೆ

ಪದವಿ ಮುಗಿದರೂ ವಿದ್ಯಾರ್ಥಿ ಜೀವನ ಮುಗಿಯದವರ ಊರು ವಿಜಯನಗರ. ಧಾರವಾಡಕ್ಕೆ ಸಪ್ತಾಪುರ ಹೇಗೋ ಬೆಂಗಳೂರಿಗೆ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಹಾಗೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಎಂದು ಬರೆದ ಬೋರ್ಡುಗಳು ಕಟ್ಟಡದ ಮೇಲಿಂದ ಕೆಳಗಿನವರೆಗೆ. ಅವುಗಳ ಕೆಳಗೆ ಜೆರಾಕ್ಸ್ ಅಂಗಡಿ, ಜೋಳದ ರೊಟ್ಟಿಯ ಖಾನಾವಳಿ, ತಿಂಗಳ ಲೆಕ್ಕದಲ್ಲಿ ಒಂದು ಕುರ್ಚಿ, ಒಂದು ದೀಪ, ಒಂದು ಚಾರ್ಜಿಂಗ್ ಪಾಯಿಂಟ್ ಬಾಡಿಗೆಗೆ ಕೊಡುವ ಸ್ಟಡಿ ಸೆಂಟರುಗಳು. ಆ ಬಾಡಿಗೆಯನ್ನೂ ಕೊಡಲಾಗದವರಿಗೆ ಹಂಪಿನಗರದ ಕೇಂದ್ರ ಗ್ರಂಥಾಲಯ. ಒಳಗೆ ಜಾಗ ಸಿಗಬೇಕಾದರೆ ಬಾಗಿಲು ತೆರೆಯುವ ಮೊದಲೇ ನಿಂತಿರಬೇಕು. ಸಿಗದವರು ಕಾಂಪೌಂಡಿನಲ್ಲಿ, ಮರದ ಕೆಳಗೆ. ಆರರಿಂದ ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪಠ್ಯಗಳನ್ನು ಇಪ್ಪತ್ತೈದರ, ಮೂವತ್ತರ ವಯಸ್ಸಿನವರು ಅಂಡರ್‌ಲೈನ್ ಹಾಕಿ ಓದುವ ದೃಶ್ಯ ಬೇರೆಲ್ಲೂ ಇಷ್ಟು ಸಹಜವಾಗಿ ಕಾಣಲಿಕ್ಕಿಲ್ಲ. ‘ಊರಾಗ ಅಪ್ಪ ಕೇಳ್ತಾನ, ಪರೀಕ್ಷೆ ಯಾವಾಗ ಅಂತ. ಏನ್ ಹೇಳೂದ್ರೀ?’ ಇದು ಆ ಮರದ ಕೆಳಗಿನ ಯಾರ ಬಾಯಲ್ಲೂ ಬರಬಹುದಾದ ಮಾತು.

ಏನು ಹೇಳುವುದು, ನಿಜ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ವಿಷಯ ಹೈಕೋರ್ಟಿಗೆ ಹೋಗಿ ಇತ್ಯರ್ಥವಾಗಿ ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕದ್ದು ಬರೆದವರ ಮೇಲೆ ಕೇಸು ನಡೆಯಿತು, ಸರಿ. ಕದಿಯದೆ ಬರೆದವರ ಎರಡು ವರ್ಷ, ಮೂರು ತಿಂಗಳು? ವಯೋಮಿತಿಗೆ ಹತ್ತಿರ ಬಂದವರಿಗೆ ಅದು ಬರೀ ಕಾಯುವಿಕೆಯಾಗಿರಲಿಲ್ಲ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಹಲವು ಸಲ ಮುಂದೆ ಹೋಗಿ 2024ರ ಆಗಸ್ಟ್ 27ರಂದು ನಡೆದಾಗ ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆಗೆ ಮುಖ್ಯಮಂತ್ರಿಯೇ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು ಮತ್ತೆ ಸುದ್ದಿಯಾದವು. ಕರ್ನಾಟಕದ ಆಡಳಿತ ಸೇವೆಯ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದವನೇ ಇಂಗ್ಲಿಷ್ ಪ್ರಶ್ನೆ ನೋಡಿ ಕನ್ನಡ ಪ್ರಶ್ನೆ ಅರ್ಥ ಮಾಡಿಕೊಳ್ಳಬೇಕಾಗಿ ಬಂದದ್ದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ಪರೀಕ್ಷೆ ಮುಂದಕ್ಕೆ ಹೋದಾಗಲೆಲ್ಲ ಏನಾಗುತ್ತದೆ? ಮೂರು ತಿಂಗಳಿಗೆಂದು ಹಿಡಿದ ಡೆಲಿವರಿ ಕೆಲಸ ವರ್ಷವಾಗುತ್ತದೆ. ಊರಿನಿಂದ ಬರುತ್ತಿದ್ದ ದುಡ್ಡು ಕಡಿಮೆಯಾಗುತ್ತ ಬಂದು ನಿಲ್ಲುತ್ತದೆ. ಸರ್ಕಾರದ ಯುವನಿಧಿ ಯೋಜನೆಯ ತಿಂಗಳ ಮೂರು ಸಾವಿರ ಪದವಿ ಮುಗಿಸಿದವರಿಗೆ ಎರಡು ವರ್ಷದ ಮಟ್ಟಿಗೆ ಮಾತ್ರ, ಮುಂದೆ ಓದಲು ಸೇರಿದರೆ ಅದೂ ಇಲ್ಲ. ಯುಪಿಎಸ್‌ಸಿ ಮಾತ್ರ ಮುಂದಿನ ವರ್ಷದ ಪರೀಕ್ಷಾ ದಿನಗಳನ್ನು ತಿಂಗಳುಗಳ ಮೊದಲೇ ಪ್ರಕಟಿಸುತ್ತದೆ, ಹೆಚ್ಚು ಕಡಿಮೆ ಹಾಗೆಯೇ ನಡೆಸುತ್ತದೆ. ದಿನಾಂಕ ಗೊತ್ತಿದ್ದವನು ಕೆಲಸ ಬಿಡುವ ತಿಂಗಳನ್ನೂ ಗೊತ್ತು ಮಾಡಿಕೊಳ್ಳುತ್ತಾನೆ.

ಇಷ್ಟರ ನಡುವೆ ಹವ್ಯಾಸ ಎಲ್ಲಿಂದ ಬಂತು ಎಂದು ಕೇಳಬೇಡಿ, ಬರುತ್ತದೆ. ಜ್ಞಾನಭಾರತಿ ಆವರಣದ ಮಗ್ಗುಲಲ್ಲಿ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ, ಸಿದ್ಧಲಿಂಗಯ್ಯನವರ ಅಂತಿಮ ಸಂಸ್ಕಾರ ನಡೆದ ಜಾಗ ಅದು, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವ ಜಾಗವೂ ಹೌದು. ಅಲ್ಲಿ ನಾಟಕ ನೋಡಿ ಬಂದವನು ಆರು ತಿಂಗಳಲ್ಲಿ ಯಾವುದೋ ತಂಡದ ರಿಹರ್ಸಲ್‌ನಲ್ಲಿ ಕುರ್ಚಿ ಜೋಡಿಸುತ್ತಿರುತ್ತಾನೆ, ಇನ್ನಾರು ತಿಂಗಳಲ್ಲಿ ಎರಡು ಮಾತಿನ ಪಾತ್ರ. ರಿಹರ್ಸಲ್ ಶುರುವಾಗುವುದು ಎಲ್ಲರ ಕೆಲಸ ಮುಗಿದ ಮೇಲೆ, ಮುಗಿಯುವುದು ಕೊನೆಯ ಮೆಟ್ರೊದ ಹೊತ್ತಿಗೆ. ನಿರ್ದೇಶಕರು ‘ಇನ್ನೊಂದ್ಸಲ’ ಎಂದರೆ ಒಬ್ಬರು ಗಡಿಯಾರ ನೋಡುತ್ತಾರೆ, ಆದರೂ ಯಾರೂ ಏಳುವುದಿಲ್ಲ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯನ್ನು ಕಟ್ಟಿದ್ದೇ ಹೀಗೆ ಆಫೀಸು, ಕಾರ್ಖಾನೆ, ಕಾಲೇಜು ಮುಗಿಸಿಕೊಂಡು ಬಂದ ಜನ. ಎಚ್‌ಎಂಟಿ, ಐಟಿಐನಂಥ ಕಾರ್ಖಾನೆಗಳ ನೌಕರರು ನಾಟಕ ಆಡುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ.

ಮನೆಯವರ ಕಣ್ಣಿಗೆ ಇದು ‘ಬೇಡದ ಉಸಾಬರಿ’. ಕಾಸು ಹುಟ್ಟದ, ಅಂಕ ಬಾರದ ಕೆಲಸ. ಕೈ ಬಿಡುವ ಸಂದರ್ಭ ಬಂದಾಗ ಮೊದಲು ಬೀಳುವುದೂ ಅದೇ. ನಾಟಕವಾಗಲಿ, ಭಾನುವಾರದ ಕ್ರಿಕೆಟ್ಟಾಗಲಿ, ಜ್ಞಾನಭಾರತಿಯ ಜೈವಿಕ ವನದಲ್ಲಿ ಬೆಳಿಗ್ಗೆ ಹಕ್ಕಿ ನೋಡುವುದಾಗಲಿ. ಪೇಪರ್ ಏಜೆಂಟರು, ಕೇಟರಿಂಗ್ ಮೇಸ್ತ್ರಿ, ಆ್ಯಪು, ಕಾಲೇಜು, ಲೋಕಸೇವಾ ಆಯೋಗ ಎಲ್ಲರೂ ಅವನಿಗೆ ಗಂಟೆ ಗೊತ್ತು ಮಾಡುತ್ತಾರೆ. ತನ್ನ ಗಂಟೆಯನ್ನು ತಾನೇ ಗೊತ್ತು ಮಾಡಿಕೊಳ್ಳುವುದು ಅವನಿಗೆ ಅಲ್ಲೊಂದೇ ಕಡೆ. ಅದನ್ನು ಬಿಟ್ಟುಬಿಡು ಎಂದು ಅವನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಈ ಭಾಗದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಂಜೆ ತರಗತಿ ಶುರುವಾಗಲಿ. ಕಟ್ಟಡ ಹೇಗೂ ಸಂಜೆ ಖಾಲಿ ಇರುತ್ತದೆ. ಫೀಸನ್ನು ಮೂರು ಕಂತಿನಲ್ಲಿ ಕಟ್ಟಿಸಿಕೊಳ್ಳಲಿ, ಒಂದು ಕಂತು ಮಾಘದ ನಂತರ ಬರಲಿ. ನೇಮಕಾತಿ ಪರೀಕ್ಷೆಗಳಿಗೆ ವರ್ಷದ ವೇಳಾಪಟ್ಟಿ ಹೊರಡಿಸಿ, ಅದಕ್ಕೆ ಬದ್ಧವಾಗಿರಲಿ. ಗ್ರಂಥಾಲಯಗಳು ರಾತ್ರಿ ಹತ್ತರವರೆಗಾದರೂ ತೆರೆದಿರಲಿ. ಇದಕ್ಕೆ ದುಡ್ಡಿಲ್ಲ ಎನ್ನುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ನಾವೆಲ್ಲ ಕಟ್ಟುತ್ತಿದ್ದೇವೆ. ಅದನ್ನು ಪಾಲಿಕೆ ಸಕಾಲಕ್ಕೆ ಗ್ರಂಥಾಲಯ ಇಲಾಖೆಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡದ್ದು ಹಳೆಯ ತಕರಾರು. ಈಗ ಬಿಬಿಎಂಪಿ ಹೋಗಿ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಬಂದಿದೆ. ಮುಂದಿನ ಸಲ ತೆರಿಗೆ ಕಟ್ಟಿದಾಗ ರಸೀದಿಯಲ್ಲಿ ಗ್ರಂಥಾಲಯ ಕರ ಎಷ್ಟಿದೆ ನೋಡಿ, ಆಮೇಲೆ ನಿಮ್ಮ ಬಡಾವಣೆಯ ಗ್ರಂಥಾಲಯ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ ಎಂದು ಹೋಗಿ ಕೇಳಿ.